ಸಮಿತಿಯ ಪರವಾಗಿ

ಶ್ರಾವಣದ ಮೊದಲ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಉಟಗಿ, ಬೀರದೇವರ ಗುಡಿಯ ಮುಂದಿನ ಬಯಲು. ಹಾಜರಿದ್ದವರು: ಊರಿನ ಕುರಿಗಾರ ಮನೆತನಗಳ ಹಿರಿಯರು, ಹೆಣ್ಣುಮಕ್ಕಳು, ಜತ್ತಿನ ಕಾಲೇಜಿನಿಂದ ಪಾಟೀಲ ಸರ್, ಸುನಂದಾ ಮೇಡಂ, ವಿದ್ಯಾರ್ಥಿನಿ ರೇಣುಕಾ, ಮತ್ತು ಸತ್ಕಾರ ಮಾಡಿಸಿಕೊಳ್ಳಲು ಹೋಗಿದ್ದ ನಾನು.

ಸಭೆಗಳ ವೃತ್ತಾಂತ ಬರೆದೇ ಸವೆದ ಕೈ ನನ್ನದು. ಏನನ್ನು ನೆನೆದರೂ ಮೊದಲು ದಿನ, ವೇಳೆ, ಹಾಜರಿ ಬರುತ್ತವೆ. ಮೊನ್ನೆ ಶೇಗಾಂವದಿಂದ ಜತ್ತಿಗೆ ಹೊರಟ ಬಸ್ಸಿಗೆ ಅಡ್ಡಲಾಗಿ ಕುರಿಹಿಂಡೊಂದು ಬಂತು. ಸಣ್ಣ ಮಳೆ ಬಂದು ನಿಂತಿತ್ತು. ತೊಯ್ದ ಉಣ್ಣೆಯ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿದ್ದವರು ಮೂಗಿಗೆ ಸೆರಗು ಹಿಡಿದರು. ನನಗೆ ಮುಖವನ್ನೇ ಮುಚ್ಚಿಕೊಳ್ಳಬೇಕೆನಿಸಿತು. ಹಿಂಡು ದಾಟುವಷ್ಟರಲ್ಲಿ ಆ ಒಂದು ವರ್ಷ ಪೂರ್ತಿ ಕಣ್ಣ ಮುಂದೆ ಹಾದುಹೋಯಿತು.

ನಾನು ಆ ಕಾಲೇಜಿನಲ್ಲಿ ಭೂಗೋಳ ಕಲಿಸಿ, ಉಪಪ್ರಾಚಾರ್ಯನಾಗಿ ನಿವೃತ್ತನಾದವನು. ಬೆಳಕು ಹರಿಯುವ ಮೊದಲು ಏಳುವುದು, ನಡಿಗೆ, ಸ್ನಾನ, ಲಿಂಗಪೂಜೆ, ಎಂಟಕ್ಕೆ ಎರಡು ರೊಟ್ಟಿ. ನಿವೃತ್ತಿಯ ನಂತರವೂ ಇದು ತಪ್ಪಿಲ್ಲ. ಗಂಟೆ ಹೊಡೆದ ಕೂಡಲೇ ವರ್ಗದ ಬಾಗಿಲು ಹಾಕುತ್ತಿದ್ದೆ. ಒಳಗಿದ್ದವರಿಗೆ ಪಾಠ, ಹೊರಗಿದ್ದವರಿಗೆ ಗೈರುಹಾಜರಿ. ಹುಡುಗರು ಹಿಂದೆ ‘ಗಂಟಿ ಸರ್’ ಅನ್ನುತ್ತಿದ್ದುದು ನನಗೆ ಗೊತ್ತಿತ್ತು. ಒಳಗೊಳಗೇ ಅದು ಇಷ್ಟವೂ ಆಗಿತ್ತು. ಹಾಜರಿ ಕಡಿಮೆಯಿದ್ದ ಒಬ್ಬ ವಿದ್ಯಾರ್ಥಿಯನ್ನೂ ನಾನಿರುವಷ್ಟು ಕಾಲ ಪರೀಕ್ಷೆಗೆ ಬಿಟ್ಟಿರಲಿಲ್ಲ.

ಹೊಸ ಶಿಕ್ಷಣ ನೀತಿ ಬಂದ ಮೇಲೆ ಪದವಿಯ ರೂಪವೇ ಬದಲಾಯಿತು. ಮುಖ್ಯ ವಿಷಯ, ಉಪವಿಷಯ, ಕ್ರೆಡಿಟ್, ಕಡ್ಡಾಯ ಕ್ಷೇತ್ರಕಾರ್ಯ. ಯಾವುದನ್ನು ಎಷ್ಟು ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ಕಾಲೇಜೇ ವಿಶ್ವವಿದ್ಯಾಲಯಕ್ಕೆ ಪ್ರಸ್ತಾವ ಕಳಿಸಬೇಕಿತ್ತು. ಪ್ರಾಚಾರ್ಯರು ಫೋನ್ ಮಾಡಿ, “ಸರ್, ಶಿಸ್ತಿನವರು ಒಬ್ಬರು ಬೇಕು” ಅಂದರು. ಆ ಮಾತಿಗೆ ನಾನು ಬೀಳದೆ ಇರುತ್ತೇನೆಯೇ? ಸಮಿತಿಯ ಅಧ್ಯಕ್ಷನಾದೆ. ಇತಿಹಾಸದ ಪಾಟೀಲ ಸರ್ ಸದಸ್ಯರು. ಭೂಗೋಳದಿಂದ ಸುನಂದಾ ಮೇಡಂ. ಅವರು ಉಮದಿಯವರು, ತಾಸಿನ ಲೆಕ್ಕದ ಮೇಲೆ ಪಾಠ ಮಾಡುವವರು. ಹಾಗೆ ಕೆಲಸ ಮಾಡುವವರಿಗೆ ವರ್ಷ ವರ್ಷವೂ ಹೊಸದಾಗಿ ಸಂದರ್ಶನ, ಹೊಸದಾಗಿ ನೇಮಕ. ವಿದ್ಯಾರ್ಥಿಗಳ ಪರವಾಗಿ ಒಬ್ಬರಿರಬೇಕೆಂಬ ನಿಯಮವಿತ್ತು; ಮೊದಲ ವರ್ಷದಲ್ಲಿ ಮೊದಲ ಸ್ಥಾನ ಬಂದಿದ್ದ ಉಟಗಿಯ ರೇಣುಕಾಳನ್ನು ತೆಗೆದುಕೊಂಡೆವು.

ಆರಿದ್ರಾ ಮಳೆಯ ದಿನಗಳು. ಮಳೆ ಎಂದರೆ ನಮ್ಮ ಕಡೆಯದು ಗೊತ್ತಲ್ಲ, ಮೋಡ ದಿನಾ ಬರುತ್ತದೆ, ಸಹಿ ಮಾಡಿ ಹೋಗುತ್ತದೆ. ಪ್ರತಿ ಬುಧವಾರ ನಕಾಶೆಗಳ ಕೋಣೆಯಲ್ಲಿ ಕೂಡುತ್ತಿದ್ದೆವು. ಒಳ್ಳೆಯ ಕೆಲಸವನ್ನೂ ಮಾಡಿದೆವು, ಅದನ್ನು ಇಲ್ಲವೆನ್ನುವುದಿಲ್ಲ. ಹುಡುಗರು ನೋಡದ ಸಮುದ್ರಗಳ ಪಾಠವನ್ನು ಕಡಿಮೆ ಮಾಡಿ, ನಮ್ಮದೇ ತಾಲೂಕಿನ ಬಾವಿ, ಹಳ್ಳ, ಮಣ್ಣು ಅಳೆಯುವ ಒಂದು ಪ್ರಾಯೋಗಿಕ ಪತ್ರಿಕೆ ಇಟ್ಟೆವು. ಕ್ಷೇತ್ರಕಾರ್ಯದ ವಿಷಯ ಬಂದ ದಿನ ಸುನಂದಾ ಮೇಡಂ ಮಾತು ತೆಗೆದರು.

“ಸರ್, ದೀಪಾವಳಿ ಆತಂದ್ರ ಉಟಗಿ, ಉಮದಿ ಕಡಿ ಎಷ್ಟೋ ಹುಡುಗರು ಮನಿಮಂದಿ ಜೋಡಿ ಕುರಿ ಹಿಂದ ನದಿ ದಂಡಿಗೆ ಹೋಗ್ತಾರ್ರಿ. ತಿರುಗಿ ಬರೂದು ಮಳಿ ಆದ ಮ್ಯಾಲ. ಹಾಜರಿ ಬೀಳ್ತದ, ಪರೀಕ್ಷಾ ಹೋಗ್ತದ. ಹೆಂಗೂ ಕ್ಷೇತ್ರಕಾರ್ಯ ಕಡ್ಡಾಯ ಮಾಡ್ಲಿಕತ್ತೀವಿ. ಅವರದು ದಾರ್ಯಾಗ ಆಗ್ಲಿ. ನಡದ ದಾರಿ ನಕಾಶಿ ತಗೀಲಿ. ನೀರು ಎಲ್ಲಿ, ಮೇವು ಎಲ್ಲಿ, ಹಿಂಡು ಯಾರ ಹೊಲದಾಗ ಇಳೀತು, ಯಾವ ಮಾತಿನ ಮ್ಯಾಲ ಇಳೀತು, ಬರೀಲಿ. ನಾವು ಅಲ್ಲಿಗೇ ಹೋಗಿ ಪಾಠ ಮಾಡೂಣು. ಅದನ್ನ ಹಾಜರಿ ಅಂತ ಹಿಡಿಯೂಣು.”

ಹಾಜರಿ ಎಂಬ ಶಬ್ದವನ್ನು ಯಾರಾದರೂ ಸಡಿಲ ಮಾಡಿದರೆ ನನಗೆ ಸಹನೆಯಾಗುತ್ತಿರಲಿಲ್ಲ. ಪೆನ್ನು ಕೆಳಗಿಟ್ಟೆ.

“ಅಂದ್ರ ಮ್ಯಾಡಂ, ಕುರಿ ಕಾಯೂದಕ್ಕ ಡಿಗ್ರಿ ಕೊಡೂಣೇನ್ರಿ? ಹಂಗಾದ್ರ ಕುರಿಗೂ ಒಂದೊಂದು ಕೊಡಬೇಕಾಗ್ತದ. ಅವೂ ಜೋಡಿ ಇರ್ತಾವಲ್ಲ.”

ಪಾಟೀಲ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಹಾ ತಂದಿದ್ದ ಸಿಪಾಯಿ ನಕ್ಕ. ರೇಣುಕಾಳೂ ನಕ್ಕಳು. ಓಢಣಿಯ ಅಂಚು ಬಾಯಿಗೆ ಹಿಡಿದು, ಟೇಬಲ್ ನೋಡುತ್ತಾ. ಹಿಂದಿನ ಚಳಿಗಾಲದಲ್ಲಿ ಅವಳ ತಾಯಿ ಬಿದ್ದು ಕಾಲು ಮುರಿದುಕೊಂಡಿದ್ದಳು. ತಾಯಿಯ ಬದಲು ಹಿಂಡಿನ ಜೊತೆ ಹೋದವಳು ಇವಳೇ. ಹಾಜರಿ ಸಾಲದೆ ಒಂದು ಸೆಮಿಸ್ಟರ್ ಕಳೆದುಕೊಂಡಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ.

ಸುನಂದಾ ಮೇಡಂ ಮಾತ್ರ ನಗಲಿಲ್ಲ. “ಬರು ಬುಧವಾರ ಬರದು ತರ್ತೀನ್ರಿ” ಅಂದರು.

ಬರೆದು ತಂದರು. ನಾನು ತಪ್ಪು ತೆಗೆದು ಮರಳಿಸಿದೆ. ಮತ್ತೆ ತಂದರು. ಯಾರು ಮೇಲ್ವಿಚಾರಣೆ ಮಾಡುತ್ತಾರೆ, ಅಂಕ ಹೇಗೆ, ಹಿಂಡು ದಾರಿ ಬದಲಿಸಿದರೆ ಹೇಗೆ ಎಂದು ಕೇಳಿದೆ. ಪ್ರತಿಯೊಂದಕ್ಕೂ ಉತ್ತರ ತಂದರು. ಬೇಡವೆನ್ನಲು ಕಾರಣ ಉಳಿಯಲಿಲ್ಲ. ಹೂಂ ಅನ್ನಲು ಮನಸ್ಸಿರಲಿಲ್ಲ. ಪ್ರಸ್ತಾವದ ಕಟ್ಟಕಡೆಗೆ ಸೇರಿಸಿದೆ, ವಿಶ್ವವಿದ್ಯಾಲಯದವರೇ ತೆಗೆದುಹಾಕಲಿ ಎಂದು.

ದೀಪಾವಳಿಯ ಮೇಲೆ ವಿಶ್ವವಿದ್ಯಾಲಯದಲ್ಲಿ ಸಭೆ. ನಮ್ಮದು ಗಡಿನಾಡು, ಅಲ್ಲಿನ ವ್ಯವಹಾರವೆಲ್ಲ ಮರಾಠಿಯಲ್ಲಿ. ದೊಡ್ಡ ಸಭಾಗೃಹ, ಉದ್ದ ಟೇಬಲ್ಲು. ಅಧ್ಯಕ್ಷನೊಬ್ಬನಿಗೇ ಕರೆ ಇದ್ದುದರಿಂದ ನಾನೊಬ್ಬನೇ ಹೋಗಿದ್ದೆ. ನಮ್ಮ ಪತ್ರಿಕೆಗಳು ಒಂದಾದ ಮೇಲೊಂದು ಪಾಸಾದವು, ತಲೆ ಎತ್ತಿ ನೋಡಿದವರಿಲ್ಲ. ಕಡೆಯ ಕಲಮು ಬಂದಾಗ ಪೀಠದಲ್ಲಿದ್ದವರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು. ಪಕ್ಕದವರಿಗೆ ತೋರಿಸಿದರು. ಆಮೇಲೆ ಮರಾಠಿಯಲ್ಲಿ ಕೇಳಿದರು: “ಇದು ಯಾರ ಕಲ್ಪನೆ?”

ನಾನು ಎದ್ದು ನಿಂತೆ. “ಸಮಿತಿಯದು, ಸರ್” ಅಂದೆ.

ನಿಯಮದ ಪ್ರಕಾರ ಅದು ಸರಿಯಾದ ಉತ್ತರ. ಸಮಿತಿಯಲ್ಲಿ ಆಡಿದ ಮಾತಿಗೆ ಒಬ್ಬರ ಹೆಸರಿರುವುದಿಲ್ಲ, ಅಧ್ಯಕ್ಷ ಎಲ್ಲರ ಪರವಾಗಿ ಮಾತಾಡುತ್ತಾನೆ. ಜೀವಮಾನವಿಡೀ ಹಾಗೆಯೇ ಮಾತಾಡಿದ್ದೆ. “ಅಧ್ಯಕ್ಷರು ನೀವೇ ಅಲ್ಲವೇ? ಅಭಿನಂದನೆ” ಅಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ಎರಡೂ ಕೈ ಜೋಡಿಸಿದೆ. ಬಾಯಿ ಸುಳ್ಳು ಹೇಳಲಿಲ್ಲ. ಆ ಕೆಲಸವನ್ನು ಕೈಗಳು ಮಾಡಿದವು.

ಎರಡು ದಿನದಲ್ಲಿ ದಿನಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಕುರಿಗಾರರ ಮಕ್ಕಳಿಗಾಗಿ ನಿವೃತ್ತ ಉಪಪ್ರಾಚಾರ್ಯರ ಕನಸು, ಎಂದೇನೋ ಬರೆದಿದ್ದರು. ನೆರೆಯವರು ಓದಿ ಬಂದು ಪೇಢೆ ಕೇಳಿದರು, ತರಿಸಿ ಕೊಟ್ಟೆ. ಹಾಜರಿಪಟ್ಟಿಯಲ್ಲಿ ಒಂದು ಗೆರೆ ತಪ್ಪಿದರೂ ಗುಮಾಸ್ತನನ್ನು ಮನೆಯಿಂದ ಕರೆಸುತ್ತಿದ್ದವನು, ಪತ್ರಿಕೆಗೆ ಎರಡು ಸಾಲು ಬರೆದು ತಿದ್ದಿಸಲಿಲ್ಲ. ಮುಂದಿನ ಬುಧವಾರ ಸುನಂದಾ ಮೇಡಂ, “ಪಾಸ್ ಆತಲ್ರಿ ಸರ್, ಭಾಳ ಚಲೋ ಆತು” ಅಂದರು. ಮುಖದಲ್ಲಿ ಬೇರೆ ಏನೂ ಕಾಣಲಿಲ್ಲ. ಕಾಣಲಿಲ್ಲವೆಂದೇ ನಾನೂ ಸುಮ್ಮನಾದೆ.

ಹಿಂಡುಗಳು ಹೋದವು, ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಹೊಸ ಪದವಿಯ ನಿಯಮ ಜೂನಿನಿಂದ ಜಾರಿಗೆ ಬಂತು. ಮಳೆಗೆ ಹಿಂಡುಗಳು ತಿರುಗಿ ಬಂದವು. ಆಷಾಢದಲ್ಲಿ ಒಂದು ಮುಂಜಾನೆ ರೇಣುಕಾಳ ತಂದೆ ಮಾಳಪ್ಪ ಶೇಗಾಂವಕ್ಕೆ, ನಮ್ಮ ಮನೆಗೇ ಬಂದ. ಹೆಗಲ ಮೇಲೆ ಕಂಬಳಿ. ಕುರ್ಚಿ ತೋರಿಸಿದೆ, ಕೂಡಲಿಲ್ಲ; ಕಟ್ಟೆಯ ಮೇಲೆ ಕೂತ.

“ಸರ, ನಮ್ಮ ಮಂದಿನ್ನ ಸಾಲಿಯವ್ರು ಎಲ್ಲಾರೂ ‘ಯಾಕ ಬರಲಿಲ್ಲ’ ಅಂತ ಕೇಳಾವ್ರರಿ. ‘ಎಲ್ಲಿ ಅದೀರಿ, ನಾವ ಬರ್ತೀವಿ’ ಅಂದಾವ್ರು ನೀವೊಬ್ರ. ಊರಾಗ ಒಂದು ಸತ್ಕಾರ ಇಟ್ಟೇವಿ. ಇಲ್ಲ ಅನಬ್ಯಾಡ್ರಿ.”

ಆಗ ಹೇಳಬಹುದಿತ್ತು. ಅಂಗಳದಲ್ಲಿ ನಾವಿಬ್ಬರೇ ಇದ್ದೆವು. ನಾನು ಒಳಗೆ ಹೋಗಿ ಡೈರಿ ನೋಡಿಕೊಂಡು ಬಂದು, “ಶ್ರಾವಣದ ಮೊದಲ ಶನಿವಾರ ಖಾಲಿ ಅದ” ಅಂದೆ.

ಆ ಶನಿವಾರ ಪಾಟೀಲ ಸರ್ ಜೊತೆ ಜೀಪಿನಲ್ಲಿ ಹೊರಟೆ. ಜತ್ತು ದಾಟಿದ ಮೇಲೆ ಅವರು ತಂಬಾಕು ತಿಕ್ಕುತ್ತಾ ಸುದ್ದಿ ತೆಗೆದರು.

“ಗೊತ್ತಾತೇನ್ರಿ? ತಾಸಿನ ಮಂದಿ ಇಂಟರ್‌ವ್ಯೂ ಆತು ಮೊನ್ನಿ. ‘ಕಾಲೇಜಿಗೆ ಏನ ಮಾಡೀರಿ’ ಅಂತ ಕೇಳಿದ್ರಂತ. ಸುನಂದಾ ಮ್ಯಾಡಂ ಆ ಕುರಿ ಕಲಮು ನಾ ಬರದದ್ದು ಅಂದ್ರಂತ. ಹೊರಗಿನಿಂದ ಬಂದಾವ್ರು, ‘ಅದು ನಿಮ್ಮ ಉಪಪ್ರಾಚಾರ್ಯರದು ಅಂತ ಪೇಪರದಾಗ ಓದೇವಲ್ಲ’ ಅಂತ ನಕ್ಕು ಬಿಟ್ರಂತ್ರಿ. ದೊಡ್ಡವರ ಕೆಲಸ ತನ್ನದಂತಾಳ ಅಂತ ತಿಳಕೊಂಡ್ರು. ಈ ಸಲ ಅವರ ಹೆಸರು ಇಲ್ಲ. ಸೋಮವಾರ ಪಟ್ಟಿ ಹಚ್ಚತಾರ.”

“ಪ್ರಾಚಾರ್ಯರು ಏನೂ ಅನಲಿಲ್ಲೇನು?”

“ಅವ್ರು ಎಲ್ಲಿ ಸಮಿತಿಗೆ ಬಂದಿದ್ರಿ? ಅವರೂ ಪೇಪರೇ ಓದ್ಯಾರ.” ತಂಬಾಕು ಬಾಯಿಗೆ ಹಾಕಿಕೊಂಡು, “ಮತ್ತ ಅಧ್ಯಕ್ಷರು ನೀವ, ನೀವ ಸುಮ್ಮ ಕುಂತ ಮ್ಯಾಲ ನಾ ಯಾಕ ಬಾಯಿ ಹಾಕಲಿ?” ಅಂದರು.

ಜೀಪು ಉಟಗಿಗೆ ಬಂದು ನಿಂತಿತು.

ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ರಾತ್ರಿ ಜಿಟಿಜಿಟಿ ಮಳೆಯಾಗಿತ್ತು, ಹಾಸಿದ ಕಂಬಳಿಗಳೆಲ್ಲ ತಂಪು. ಡೊಳ್ಳು ಬಾರಿಸಿ ಕರೆದೊಯ್ದರು. ಕುರ್ಚಿಯಲ್ಲಿ ಕೂಡಿಸಿ ನನ್ನ ತಲೆಗೆ ಕೇಸರಿ ಫೇಟಾ ಸುತ್ತಿದರು, ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಸುನಂದಾ ಮೇಡಂ ಮುಂದಿನ ಸಾಲಿನಲ್ಲಿ ಹೆಂಗಸರ ನಡುವೆ ರೇಣುಕಾಳ ಪಕ್ಕದಲ್ಲಿ ಕೂತಿದ್ದರು. ಎಲ್ಲರ ಜೊತೆ ಅವರೂ ಚಪ್ಪಾಳೆ ತಟ್ಟಿದರು.

ನಾನು ಮೈಕಿನ ಮುಂದೆ ನಿಂತು, “ಈ ಸತ್ಕಾರ ನನ್ನದಲ್ಲ” ಅಂದೆ.

ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಫೇಟಾ ಸುತ್ತಿಸಿಕೊಂಡ ಪ್ರತಿಯೊಬ್ಬನೂ ನಮ್ಮಲ್ಲಿ ಮೊದಲು ಹೇಳುವ ಮಾತೇ ಅದು. ನಾನೇ ಎಷ್ಟು ಸಲ ಹೇಳಿಲ್ಲ! “ಇದು ಸುನಂದಾ ಮೇಡಂ ಅವರಿಗೆ ಸಲ್ಲಬೇಕು” ಅಂದೆ. “ಏನು ದೊಡ್ಡ ಮನಸ್ರಿ!” ಎಂದು ಹಿಂದಿನಿಂದ ಯಾರೋ ಅಂದರು. ನಿಜ ಹೇಳುತ್ತಾ ಹೋದಂತೆ ನಾನು ಇನ್ನಷ್ಟು ದೊಡ್ಡವನಾಗುತ್ತಿದ್ದೆ.

ಒಂದೇ ದಾರಿ ಉಳಿದಿತ್ತು. ಆ ಬುಧವಾರ ಏನಂದಿದ್ದೆನೋ ಅದನ್ನೇ ಅಂದೆ.

“ಮ್ಯಾಡಂ ಇದನ್ನ ತಂದಾಗ ನಾ ಬ್ಯಾಡ ಅಂದಿದ್ದೆ. ಕುರಿ ಕಾಯೂದಕ್ಕ ಡಿಗ್ರಿ ಕೊಡೂಣೇನು, ಹಂಗಾದ್ರ ಕುರಿಗೂ ಒಂದೊಂದು ಕೊಡಬೇಕಾಗ್ತದ, ಅಂದಿದ್ದೆ. ಎಲ್ಲಾರೂ ನಕ್ಕಿದ್ವಿ.”

ಡೊಳ್ಳಿನವನೊಬ್ಬ ಬೆರಳಾಡಿಸುತ್ತಿದ್ದುದನ್ನು ನಿಲ್ಲಿಸಿದ. ಮುಂದೆ ಕೂತಿದ್ದ ಒಬ್ಬ ಮುದುಕಿ ನನ್ನನ್ನೇ ನೋಡಿ, “ಹಂಗಾದ್ರ ಫೇಟಾ ತಗೀರಿ” ಅಂದಳು. ಸಿಟ್ಟಿರಲಿಲ್ಲ, ಕಾಲಿಗೆ ಮುಳ್ಳು ಹೊಕ್ಕಿದೆ, ತೆಗೀರಿ ಅಂದಷ್ಟೇ ಸಹಜ. ನಾನು ಬಿಚ್ಚಿದೆ. ನೀಟಾಗಿ ಸುತ್ತಿದ್ದು, ತಲೆಯಿಂದ ಬರಲು ತಡವಾಯಿತು. ಅಷ್ಟೂ ಹೊತ್ತು ಎಲ್ಲರೂ ನೋಡಿದರು.

ಸುನಂದಾ ಮೇಡಂಗೆ ಕಟ್ಟಲು ಒಬ್ಬ ಹಿರಿಯ ಎದ್ದ. ಅವರು ಕೈ ಅಡ್ಡ ಹಿಡಿದರು. ವೇದಿಕೆಯ ಹತ್ತಿರ ಬಂದು, ನನಗಷ್ಟೇ ಕೇಳುವಂತೆ ಅಂದರು:

“ನನಗ ಫೇಟಾ ಬ್ಯಾಡ್ರಿ ಸರ್. ಇಲ್ಲಿ ಹೇಳಿದ್ದು ಅಲ್ಲಿ ಹೇಳ್ರಿ. ಇವತ್ತ ಹೇಳ್ರಿ.”

ಆ ಮಾತಿಗೇ ನನಗೆ ಇನ್ನೊಂದು ತಿಳಿಯಿತು. ಉಟಗಿಯ ಜನರ ಮುಂದೆ ತಲೆ ತಗ್ಗಿಸುವುದು ಸುಲಭವಿತ್ತು. ನಾಳೆ ಅವರನ್ನು ನಾನು ನೋಡಬೇಕಾಗಿರಲಿಲ್ಲ. ಯಾರೆದುರು ನನ್ನ ಮರ್ಯಾದೆಯಿತ್ತೋ ಅವರಲ್ಲಿ ಒಬ್ಬರಿಗೂ ನಾನು ಹೇಳಿರಲಿಲ್ಲ.

ಹೊರಡಲು ಎದ್ದೆ. ಮಾಳಪ್ಪ ತಡೆದ. “ಉಣ್ಣದ ಹೋಗೂದಿಲ್ರಿ. ಅಡಿಗಿ ಆಗೇತಿ.” ಗೋಧಿ ಹುಗ್ಗಿ, ಮೇಲೆ ತುಪ್ಪ. ಅವನೇ ಬಡಿಸಿದ. ಮೊದಲಿನಂತೆ ‘ಸರ’ ಅನ್ನಲಿಲ್ಲ. ಎಲೆಯಲ್ಲಿ ಕಡಿಮೆಯಾದಾಗಲೆಲ್ಲ ಹಾಕಿದ. ನಾನು ಬಿಡದೆ ಎಲ್ಲವನ್ನೂ ಉಂಡೆ. ಅಂಥ ಕಷ್ಟದ ಊಟ ಇನ್ನೊಂದಿಲ್ಲ.

ಜತ್ತಿಗೆ ಬಂದಾಗ ಕಾಲೇಜಿನ ಅರ್ಧ ದಿನ ಮುಗಿಯುತ್ತಿತ್ತು. ಪ್ರಾಚಾರ್ಯರು ಕಾರಿನ ಬಾಗಿಲು ತೆಗೆದಿದ್ದರು. ನಿಂತಲ್ಲೇ ಹೇಳಿದೆ. ಅವರು ಮರಾಠಿಯಲ್ಲಿ, “ಸರ್, ನಿಮ್ಮ ಸೌಜನ್ಯ ನನಗೆ ಗೊತ್ತು. ಕಿರಿಯರನ್ನು ಮುಂದೆ ತರುವುದು ನಿಮ್ಮ ಸ್ವಭಾವ” ಎಂದು ನಕ್ಕರು. ಇಲ್ಲಿಯೂ ಅದೇ. ಆ ಮಾತನ್ನು ಎರಡನೆಯ ಸಲ ಆಡಬೇಕಾಯಿತು, ಕುರಿಗೂ ಒಂದೊಂದು ಎಂಬುದನ್ನು. ಅವರು ಪಾಟೀಲರ ಮುಖ ನೋಡಿದರು.

“ಹೌದ್ರಿ,” ಪಾಟೀಲ ಸರ್ ಅಂದರು. “ಅಂದಿದ್ರು. ನಾ ಎಲ್ಲಾರಕ್ಕಿಂತ ಜೋರ ನಕ್ಕಿದ್ದೆ.”

ಪ್ರಾಚಾರ್ಯರ ನಗು ಹೋಯಿತು. ಪಟ್ಟಿ ಕಾಲೇಜು ನಡೆಸುವ ಸಂಸ್ಥೆಯ ಅಧ್ಯಕ್ಷರ ಕೈಗೆ ಹೋಗಿದೆ, ಮತ್ತೆ ಸಂದರ್ಶನ ನಡೆಸಬೇಕಾದರೆ ಅವರ ಒಪ್ಪಿಗೆ ಬೇಕು ಅಂದರು.

ಸಂಸ್ಥೆಯ ಅಧ್ಯಕ್ಷರು ತಮ್ಮ ದಾಳಿಂಬೆ ಗೋದಾಮಿನಲ್ಲಿದ್ದರು. ಹೆಣ್ಣಾಳುಗಳು ಹಣ್ಣು ಆರಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. “ಬರ್ರಿ ಸರ್, ಕುಂದ್ರಿ, ಕುಂದ್ರಿ” ಎಂದು ಒಂದು ಹಣ್ಣನ್ನೇ ಒಡೆದು ಕೊಟ್ಟರು. ಮೂರನೆಯ ಸಲ ಹೇಳಿದೆ. ಅವರು ತೊಡೆ ತಟ್ಟಿಕೊಂಡು ನಕ್ಕರು.

“‘ಅವೂ ಜೋಡಿ ಇರ್ತಾವಲ್ಲ!’ ಏ ಸರ್, ಭಾರೀ ಅಂದೀರಿ ಬಿಡ್ರಿ.”

ಹಣ್ಣು ಆರಿಸುವ ಹೆಂಗಸರೂ ನಕ್ಕರು. ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟೆ. ಉಟಗಿಯಲ್ಲಿ ತೊದಲುತ್ತಾ ಹೇಳಿದ್ದೆ, ಕಡೆಯ ಆ ಮಾತನ್ನು ನುಂಗಿಯೂ ಇದ್ದೆ. ಇಲ್ಲಿ ಪೂರ್ತಿ ಹೇಳಿದ್ದೆ. ಕಡೆಯ ಮಾತಿಗೆ ಮೊದಲು ಎಲ್ಲಿ ತಡೆಯಬೇಕೋ ಅಲ್ಲಿ ತಡೆದಿದ್ದೆ. ಬೆಳಿಗ್ಗೆಯಿಂದ ಮೂರು ಸಲ ಹೇಳಿ ನನ್ನ ನಾಚಿಕೆಯನ್ನೇ ನಾನು ಚೆನ್ನಾಗಿ ಹೇಳಲು ಕಲಿತುಬಿಟ್ಟಿದ್ದೆ.

ಅಧ್ಯಕ್ಷರು ನಗು ಮುಗಿಸಿ ಕೆಲಸದ ಮಾತಿಗೆ ಬಂದರು. ಮನುಷ್ಯ ನೇರ. “ಸೋಮವಾರ ಹನ್ನೊಂದಕ್ಕ ಮ್ಯಾಡಂಗ ಮತ್ತ ಕರೀತೀವಿ. ಪಟ್ಟಿ ಅಲ್ಲಿತನಾ ಹಚ್ಚೂದಿಲ್ಲ. ನೀವೂ ಬಂದು ಬಾಜೂಕ ಕುಂದ್ರಿ, ಇದನ್ನ ಇಂಟರ್‌ವ್ಯೂ ಮಾಡಾವ್ರ ಮುಂದ ಹೇಳ್ರಿ.”

“ಬರ್ತೀನ್ರಿ” ಅಂದೆ. ತಡಮಾಡದೆ ಅಂದೆ.

ಸುನಂದಾ ಮೇಡಂ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿದ್ದರು. ನಾನು ಹೋದಾಗ ಉಟಗಿಯಿಂದ ಆಗಷ್ಟೇ ಬಂದು ಕಾಲಿನ ಕೆಸರು ತೊಳೆಯುತ್ತಿದ್ದರು. ಹಾಸ್ಟೆಲ್ ಇನ್ನೂ ತೆರೆದಿರಲಿಲ್ಲವಾದ್ದರಿಂದ ರೇಣುಕಾಳೂ ಅಲ್ಲಿಯೇ ಇದ್ದಳು. ಮಡಿಸುವ ಕುರ್ಚಿ ಬಿಡಿಸಿ ಹಾಕಿದಳು. ನಾನು ಕೂಡಲಿಲ್ಲ. ಸೋಮವಾರದ ಸುದ್ದಿ ಹೇಳಿದೆ.

“ಹನ್ನೊಂದಕ್ಕ,” ಎಂದು ಮೇಡಂ ತಮಗೆ ತಾವೇ ಅಂದುಕೊಂಡರು.

ಹೊರಡಬೇಕಿತ್ತು. ಆದರೆ ಆ ಹುಡುಗಿ ಎದುರಿಗೇ ನಿಂತಿದ್ದಳು. “ಅವತ್ತ ನೀನೂ ನಕ್ಕಿದ್ದಿ, ರೇಣುಕಾ” ಅಂದೆ. ಯಾಕೆ ಅಂದೆನೋ! ಪಾಲು ಹಂಚಿಕೊಳ್ಳಲಿ ಎಂದಿರಬಹುದು.

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡೇ, “ಮತ್ತೇನ್ ಮಾಡ್ಲಿರಿ ಸರ್? ನೀವೆಲ್ಲಾರೂ ನಕ್ಕಿದ್ರಿ. ನಾ ಒಬ್ಬಾಕಿ ನಗದಿದ್ರ ಎಲ್ಲಾರೂ ನನ್ನ ಕಡೇನ ನೋಡ್ತಿದ್ರಿ” ಅಂದಳು.

ಮಾತು ತಿರುಗಿಸಲು ಮೇಡಂ ಕಡೆ ನೋಡಿ, “ಚಿಂತಿ ಮಾಡಬ್ಯಾಡ್ರಿ. ಸೋಮವಾರ ನಾನೂ ಬಾಜೂಕ ಕುಂದ್ರತೀನಿ, ಎಲ್ಲಾ ನಾನ ಹೇಳ್ತೀನಿ” ಅಂದೆ.

ಅವರು ಕೈ ಒರೆಸಿಕೊಂಡರು. ಧ್ವನಿ ಏರಿಸಲಿಲ್ಲ.

“ನೀವು ಬರಬ್ಯಾಡ್ರಿ ಸರ್. ನೀವು ಬಂದ್ರ ಅದು ಮತ್ತ ನಿಮ್ಮ ಮಾತ ಆಗ್ತದ. ನಿಮ್ಮ ದೊಡ್ಡತನ, ನಿಮ್ಮ ತಪ್ಪು, ನಿಮ್ಮ ಒಪ್ಪಿಗಿ. ನಾ ಬಾಜೂಕ ಕುಂತ ಕೇಳಬೇಕಾಗ್ತದ. ಹೇಳೂದು ಹೇಳೀರಲ್ಲ, ಸಾಕು. ಕಲಮು ನಾ ಬರದೀನಿ, ನಾನ ಹೇಳ್ತೀನಿ.”

“ಆತು” ಅಂದೆ.

ಸೋಮವಾರ ಅವರು ಒಬ್ಬರೇ ಹೋದರು, ಒಬ್ಬರೇ ಹೇಳಿದರು, ಪಟ್ಟಿಯಲ್ಲಿ ಅವರ ಹೆಸರು ಬಂತು. ದೀಪಾವಳಿಯ ಮೇಲೆ ಹಿಂಡುಗಳ ಹಿಂದೆ ನದಿ ದಂಡೆಗೆ ಹೋಗಿ ಪಾಠ ಮಾಡಿದವರೂ ಅವರೇ. ಅದರಲ್ಲಿ ನನ್ನದೇನೂ ಇಲ್ಲ. ಈಗ ಎದುರಾದರೆ ನಮಸ್ಕಾರ ಮಾಡುತ್ತಾರೆ, ನಿಂತು ಮಾತಾಡುವುದಿಲ್ಲ.

ಆ ಶನಿವಾರ ಶೇಗಾಂವದ ಬಸ್ಸು ಹತ್ತುವ ಮೊದಲು ಒಂದು ಕೆಲಸ ಬಾಕಿಯಿತ್ತು. ಸ್ಟ್ಯಾಂಡಿನ ಗದ್ದಲದಿಂದ ಬದಿಗೆ ಸರಿದು ನಿಂತು ಸಂಸ್ಥೆಯ ಅಧ್ಯಕ್ಷರಿಗೆ ಫೋನ್ ಮಾಡಿದೆ. ಸೋಮವಾರ ನಾನು ಬರುವುದಿಲ್ಲ ಅಂದೆ. “ಯಾಕ್ರಿ ಸರ್?” ಅಂದರು. ಕಾರಣ ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಅದನ್ನೂ ಚೆನ್ನಾಗಿ ಹೇಳುತ್ತಿದ್ದೆ.

“ನನ್ನ ಜರೂರ ಇಲ್ರಿ” ಎಂದಷ್ಟೇ ಹೇಳಿ ಫೋನ್ ಇಟ್ಟೆ.